ನಮ್ಮ ಮನೆ ಮತ್ತು ಹಗಲಿನ ಬೆಳಕು

ಅನ್ನ, ಅರಿವೆ, ಆಸರೆ ಈ ಮೂರು ಮನುಷ್ಯನ ಮೂಲಭೂತ ಅವಶ್ಯಕತೆಗಳೆಂದು ನಾವೆಲ್ಲರೂ ಸಣ್ಣ ತರಗತಿಯಿಂದಲೇ ಓದುತ್ತ ಬಂದಿದ್ದೇವೆ. ಆಸರೆಯೆಂದರೆ ಮನೆ. ಮಳೆ ಒಳಗೆ ಬರಬಾರದು, ಬಿಸಿಲು ಬಡಿಯಬಾರದು, ಕಳ್ಳರು ನುಗ್ಗಬಾರದು ಎಂದು ಮನೆ ಕಟ್ಟುವಾಗ ಎಲ್ಲರೂ ವಿಚಾರ ಮಾಡುತ್ತೇವೆ. ಏನು ಒಳಗೆ ಬರಬಾರದೆಂಬ ಯಾದಿ ಉದ್ದವಾಗಿರುತ್ತದೆ. ಏನು ಒಳಗೆ ಬರಬೇಕೆಂಬುದನ್ನು ವಿಚಾರಿಸುವವರು ಮಾತ್ರ ಕಡಿಮೆ. ಒಳಗೆ ಬರಬೇಕಾದವುಗಳಲ್ಲಿ ಮುಖ್ಯವಾದವು ಎರಡು: ಗಾಳಿ ಮತ್ತು ಬೆಳಕು.

ಕಿಟಕಿಗೆ ಬೇರೆ ಬೇರೆ ಭಾಷೆಗಳಲ್ಲಿರುವ ಹೆಸರುಗಳನ್ನು ನೋಡಿರಿ. ಸಂಸ್ಕೃತದ 'ವಾತಾಯನ' ಎಂದರೆ ಗಾಳಿಯ ದಾರಿ. ಇಂಗ್ಲಿಷಿನ 'ವಿಂಡೋ' ಎಂಬ ಶಬ್ದವೂ 'ಗಾಳಿಯ ಕಣ್ಣು' ಎಂಬ ಅರ್ಥದ ಹಳೆಯ ಉತ್ತರ ಯುರೋಪಿನ ಶಬ್ದದಿಂದ ಬಂದದ್ದು. ಸಂಸ್ಕೃತದ ಇನ್ನೊಂದು ಹೆಸರು 'ಗವಾಕ್ಷ'. ಅದರಲ್ಲಿಯೂ 'ಅಕ್ಷ' ಅಂದರೆ ಕಣ್ಣು ಇದೆ. ನಮ್ಮ ಕನ್ನಡದಲ್ಲಿ ಬೆಳಕಿನ ಹೆಸರನ್ನೇ ಹೊತ್ತ ಶಬ್ದವೊಂದಿದೆ. ಅದೇ 'ಬೆಳಕಿಂಡಿ'. ಬೆಳಕು ಬರುವ ಕಿಂಡಿ ಬೆಳಕಿಂಡಿ. ಈ ಶಬ್ದ ಇಂದಿನ ಹುಡುಗರ ಬಾಯಲ್ಲಿ ಕೇಳಿಬರುವುದಿಲ್ಲ. ಶಬ್ದ ಹೋದದ್ದು ದೊಡ್ಡ ಮಾತಲ್ಲ. ಶಬ್ದದ ಜೊತೆಗೆ ಮನೆಯೊಳಗಿನ ಬೆಳಕೂ ಹೋಯಿತಲ್ಲ ಎಂಬುದೇ ನನ್ನ ಚಿಂತೆ. ಅದಕ್ಕಾಗಿಯೇ ಈ ಲೇಖನ.

ಮಾಳಿಗೆ ಮನೆ

ವಳಸಂಗ, ಅಕ್ಕಲಕೋಟೆ, ಸೋಲಾಪುರ ಈ ಭಾಗದಲ್ಲಿ ಹಿಂದೆ ಹೆಚ್ಚಾಗಿ ಇದ್ದವು ಮಾಳಿಗೆ ಮನೆಗಳು. ಮರಾಠಿಯಲ್ಲಿ ಇದಕ್ಕೆ 'ಮಾಳವದ' ಎನ್ನುತ್ತಾರೆ. ಎರಡಡಿ, ಕೆಲವೊಮ್ಮೆ ಅದಕ್ಕೂ ದಪ್ಪನಾದ ಕಲ್ಲುಮಣ್ಣಿನ ಗೋಡೆ; ಒಳಗೆ ಕಟ್ಟಿಗೆಯ ಕಂಬ, ತೊಲೆ, ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ದಪ್ಪನಾಗಿ ಹಾಸಿದ ಮಣ್ಣು. ಬೇಸಿಗೆಯಲ್ಲಿ ಹೊರಗೆ 42-43 ಡಿಗ್ರಿ ಬಿಸಿಲು ಕಾಯುತ್ತಿದ್ದರೂ ಒಳಗೆ ತಂಪು. ಹೊರಗೋಡೆಗೆ ಕಿಟಕಿ ಇಲ್ಲ, ಇದ್ದರೂ ಅಂಗೈಯಗಲ. ಇದಕ್ಕೆ ಕಾರಣಗಳಿದ್ದವು. ಒಂದು, ಕಳ್ಳಕಾಕರ ಭಯ. ಎರಡು, ಬಿಸಿಗಾಳಿ. ಮೂರು, ಮಣ್ಣಿನಲ್ಲಿ ಕಟ್ಟಿದ ಕಲ್ಲುಗೋಡೆಯಲ್ಲಿ ದೊಡ್ಡ ಕಿಟಕಿ ಬಿಟ್ಟರೆ ಗೋಡೆಯ ಬಲ ಕುಂದುತ್ತದೆ.

ಹಾಗಾದರೆ ಬೆಳಕು ಎಲ್ಲಿಂದ? ದೊಡ್ಡವರ ವಾಡೆಗಳಲ್ಲಿ ನಡುವೆ ತೆರೆದ ಚೌಕ ಇರುತ್ತಿತ್ತು. ಸುತ್ತಲಿನ ಪಡಸಾಲೆಗಳಿಗೆಲ್ಲ ಅಲ್ಲಿಂದಲೇ ಬೆಳಕು. ಸಾಮಾನ್ಯರ ಮನೆಯಲ್ಲಿ ಚೌಕಕ್ಕೆ ಜಾಗವಿಲ್ಲ. ಅಲ್ಲಿ ಮಾಳಿಗೆಯಲ್ಲಿಯೇ ಒಂದು ಕಿಂಡಿ. ಮಳೆ ಬಂದಾಗ ಅದರ ಮೇಲೆ ಗಡಿಗೆಯನ್ನೋ ಪರಸಿಕಲ್ಲನ್ನೋ ಬೋರಲು ಹಾಕುತ್ತಿದ್ದರು. ನಾನು ಬೆಳೆದದ್ದು ಇಂಥ ಮನೆಯಲ್ಲಿಯೇ. ಮೊದಲ ಹನಿ ಬಿತ್ತೋ ಇಲ್ಲವೋ, ಆಯಿ ಒಳಗಿನಿಂದ ಕೂಗುತ್ತಿದ್ದಳು: "ತಮ್ಮಾ, ಮಳಿ ಬಂತು, ಬೆಳಕಿಂಡಿ ಮುಚ್ಚೋ!" ನಿಚ್ಚಣಿಕೆ ಹತ್ತಿ ಓಡುವುದು ನಮಗೆ ಆಟ.

ಆ ಕಿಂಡಿಯಿಂದ ನೆಲದ ಮೇಲೆ ಬಿಸಿಲಿನ ಒಂದು ತುಣುಕು ಬೀಳುತ್ತಿತ್ತು. ಆಯಿ ಅದರ ಪಕ್ಕದಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು, ಕೌದಿ ಹೊಲಿಯುತ್ತಿದ್ದಳು. ಬಿಸಿಲಿನ ತುಣುಕು ಸರಿದಂತೆ ತಾನೂ ಸರಿಯುತ್ತಿದ್ದಳು. ಅದು ಕಂಬದ ಬುಡಕ್ಕೆ ಬಂದರೆ ರೊಟ್ಟಿ ಹೊಲಕ್ಕೆ ಹೋಗಬೇಕು. ಹಗೇವಿನ ಕಲ್ಲಿನ ಹತ್ತಿರ ಬಂದರೆ ನಾವು ಶಾಲೆಯಿಂದ ಬರುವ ಹೊತ್ತು. ಅದೇ ನಮ್ಮ ಮನೆಯ ಗಡಿಯಾರ.

ಒಂದು ಚದರಡಿಯ ಕಿಂಡಿ ಎಷ್ಟು ಬೆಳಕು ಕೊಟ್ಟೀತು ಎಂದು ನೀವು ಕೇಳಬಹುದು. ನಡುಹಗಲಿನ ಬಿಸಿಲು ನೆಟ್ಟಗೆ ಬೀಳುವಾಗ ಒಂದು ಚದರಡಿಯಿಂದ ಒಳಗೆ ಬರುವ ಬೆಳಕು 10 ವಾಟಿನ ಎಂಟು-ಒಂಬತ್ತು ಎಲ್‌ಇಡಿ ಬಲ್ಬುಗಳ ಬೆಳಕಿಗೆ ಸಮ. ಅದಕ್ಕೆ ಬಿಲ್ಲಿಲ್ಲ, ಭಾರನಿಯಮನವಿಲ್ಲ.

1993ರ ಪಾಠ

ಮಾಳಿಗೆ ಮನೆಯನ್ನು ಹೊಗಳುತ್ತ ಕೂಡುವುದು ಸರಿಯಲ್ಲ. ಅದರ ದೋಷವೂ ನಮಗೆ ಗೊತ್ತಿರಬೇಕು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣೇಶ ವಿಸರ್ಜನೆ ಮಾಡಿ ಜನ ಮಲಗಿದ್ದಾಗ, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಿ ಭೂಕಂಪವಾಯಿತು. ಕಿಲ್ಲಾರಿ ನಮ್ಮಿಂದ ನೇರ ದೂರದಲ್ಲಿ ನೂರು ಕಿಲೋಮೀಟರಿಗೂ ಕಡಿಮೆ. ಅಂದಿನ ಉಸ್ಮಾನಾಬಾದ್, ಇಂದಿನ ಧಾರಾಶಿವ ಜಿಲ್ಲೆಯ ಹಳ್ಳಿಗಳೂ ನೆಲಸಮವಾದವು. ಸಾವಿರಾರು ಜನ ತೀರಿಕೊಂಡರು. ಅವರಲ್ಲಿ ಬಹಳಷ್ಟು ಜನರನ್ನು ಕೊಂದದ್ದು ಅವರ ಮನೆಗಳೇ: ಸುಣ್ಣ ಸಿಮೆಂಟಿಲ್ಲದೆ ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಅದರ ಮೇಲೆ ಟನ್ನುಗಟ್ಟಲೆ ಮಣ್ಣಿನ ಭಾರ. ಗೋಡೆ ಬಿರಿಯಿತು, ಮಾಳಿಗೆ ಮಲಗಿದ್ದವರ ಮೇಲೆ ಕುಳಿತಿತು. ನಾನಾಗ ಸಣ್ಣ ಹುಡುಗ. ಆಮೇಲೆ ಎಷ್ಟೋ ರಾತ್ರಿ ನಮ್ಮ ಓಣಿಯ ಜನ ಅಂಗಳದಲ್ಲಿಯೇ ಮಲಗಿದ್ದು ನೆನಪಿದೆ.

ಅಂದಿನಿಂದ ಜನರಿಗೆ ಮಾಳಿಗೆಯ ಮೇಲಿನ ವಿಶ್ವಾಸ ಹೋಯಿತು. ಶಕ್ತಿ ಇದ್ದವರು ಸ್ಲ್ಯಾಬ್ ಹಾಕಿದರು. ಇಲ್ಲದವರು ಮಣ್ಣು ಇಳಿಸಿ ತಗಡು ಹೊದಿಸಿದರು. ಜೀವದ ದೃಷ್ಟಿಯಿಂದ ಇದು ಸರಿಯಾದದ್ದೇ. ಆದರೆ ಭಾರದ ಮಣ್ಣನ್ನು ಇಳಿಸುವಾಗ ಬೆಳಕಿಂಡಿಯನ್ನೂ ಬಿಟ್ಟುಬಿಟ್ಟೆವು. ಊರೊಳಗಿನ ಗಾವಠಾಣದ ಜಾಗಗಳು ಇಕ್ಕಟ್ಟು. ಎರಡೂ ಕಡೆ ನೆರೆಯವರ ಗೋಡೆಗೆ ಗೋಡೆ. ಮುಂದೆ ಒಂದು ಬಾಗಿಲು, ಹಿಂದೆ ಒಂದು ಬಾಗಿಲು. ನಡುವಿನ ಕೋಣೆಗೆ ಮೇಲಿನಿಂದ ಬಿಟ್ಟರೆ ಬೇರೆ ದಾರಿ ಇರಲಿಲ್ಲ. ಆ ದಾರಿಯನ್ನೇ ಮುಚ್ಚಿದೆವು.

ಇಂಗ್ಲಂಡಿನಲ್ಲಿ 1696ರಿಂದ 1851ರವರೆಗೆ ಕಿಟಕಿಗಳ ಮೇಲೆ ತೆರಿಗೆ ಇತ್ತು. ಕಿಟಕಿ ಹೆಚ್ಚಿದ್ದರೆ ತೆರಿಗೆ ಹೆಚ್ಚು. ಆದ್ದರಿಂದ ಜನ ಇದ್ದ ಕಿಟಕಿಗಳಿಗೆ ಇಟ್ಟಿಗೆ ಕಟ್ಟಿ ಮುಚ್ಚಿದರು. ಅಲ್ಲಿಯ ಹಳೆಯ ಮನೆಗಳ ಮೇಲೆ ಮುಚ್ಚಿದ ಕಿಟಕಿಯ ಗುರುತುಗಳು ಇಂದಿಗೂ ಇವೆ. ನಮ್ಮ ಮೇಲೆ ಯಾರೂ ಅಂಥ ತೆರಿಗೆ ಹಾಕಲಿಲ್ಲ. ನಾವು ತಾವಾಗಿಯೇ ಮುಚ್ಚಿಕೊಂಡೆವು.

ಇತರರ ಮಾತೇಕೆ? ನಮ್ಮ ಮನೆಗೆ ಸ್ಲ್ಯಾಬ್ ಹಾಕಿಸಿದವನು ನಾನೇ. ನಕ್ಷೆ ಮಾಡಿಸಿದೆ, ಕಬ್ಬಿಣ ಸಿಮೆಂಟಿನ ಲೆಕ್ಕ ಬರೆದಿಟ್ಟೆ, ಬಾಗಿಲಿನ ದಿಕ್ಕು ಕೇಳಿದೆ. ನಡುಮನೆಗೆ ಬೆಳಕು ಎಲ್ಲಿಂದ ಎಂದು ಗೌಂಡಿಯನ್ನು ಕೇಳಲಿಲ್ಲ. ಗೃಹಪ್ರವೇಶವಾಗಿ ನಾಲ್ಕು ದಿನಕ್ಕೆ ಅವ್ವ ಹೇಳಿದಳು: "ಮನಿ ಛಲೋ ಆಗೇದ, ತಮ್ಮಾ. ಆದ್ರ ಮಧ್ಯಾಹ್ನ ಆದದ್ದು ತಿಳೀವಲ್ದು." ನಡುಹಗಲಿನಲ್ಲಿ ಟ್ಯೂಬ್‌ಲೈಟ್ ಉರಿಯುತ್ತಿತ್ತು. ವಿದ್ಯಾರ್ಥಿಗಳಿಗೆ ಪ್ರಬಂಧ ಬರೆಯಲು ಕಲಿಸುವ ನಾನು ಮನೆ ಎಂಬ ಪ್ರಬಂಧದಲ್ಲಿ ಮುಖ್ಯ ವಾಕ್ಯವನ್ನೇ ಬಿಟ್ಟಿದ್ದೆ.

ಬೆಳಕು ಯಾರಿಗೆ ಬೇಕು?

ಎಲ್ಲರಿಗೂ ಬೇಕು. ಆದರೆ ಹಗಲೆಲ್ಲ ಮನೆಯಲ್ಲಿಯೇ ಕುಳಿತು ಕೆಲಸ ಮಾಡುವವರಿಗೆ ಹೆಚ್ಚು ಬೇಕು. ಸೋಲಾಪುರವು ನೇಕಾರರ ಊರು. ಹರಿದ ಒಂದು ಎಳೆ ಕಾಣಬೇಕಾದರೆ ಮಗ್ಗದ ಮುಂದೆ ಬೆಳಕಿರಬೇಕು. ಬಟ್ಟೆಯ ಗಿರಣಿಗಳನ್ನು ಕಟ್ಟಿದವರು ಈ ಮಾತನ್ನು ಅರಿತಿದ್ದರು. ಗರಗಸದ ಹಲ್ಲಿನಂತೆ ಸಾಲುಸಾಲಾಗಿರುವ ಗಿರಣಿಯ ಮಾಡುಗಳನ್ನು ನೀವು ನೋಡಿರಬಹುದು. ಪ್ರತಿ ಹಲ್ಲಿನ ನೆಟ್ಟನೆಯ ಬದಿಗೆ ಗಾಜು, ಅದು ಉತ್ತರಕ್ಕೆ ಮುಖ. ಬಿಸಿಲು ಬಾರದೆ ಬೆಳಕು ಮಾತ್ರ ಬರಲೆಂಬ ಉಪಾಯವಿದು. ಯಂತ್ರಗಳಿಗೆ ಇಷ್ಟು ವಿಚಾರ ಮಾಡಿದ ನಾವು ಮನುಷ್ಯರ ಮನೆಗೆ ಮಾಡಲಿಲ್ಲ.

ಸೋಲಾಪುರದಲ್ಲಿ ಮತ್ತು ಸುತ್ತಲಿನ ಊರುಗಳಲ್ಲಿ ಸಾವಿರಾರು ತಾಯಂದಿರು ಮನೆಯಲ್ಲಿಯೇ ಬೀಡಿ ಕಟ್ಟುತ್ತಾರೆ. ಅವರು ಎಲ್ಲಿ ಕೂಡುತ್ತಾರೆ, ಗಮನಿಸಿದ್ದೀರಾ? ಹೊಸ್ತಿಲಿನ ಹತ್ತಿರ. ಮೊರದೊಳಗಿನ ಎಲೆ ಕಾಣುವಷ್ಟು ಬೆಳಕು ಅಲ್ಲಿ ಮಾತ್ರ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದಳು. ತರಗತಿಯಲ್ಲಿ ಬರೆದರೆ ಮುತ್ತು ಪೋಣಿಸಿದಂಥ ಅಕ್ಷರ. ಮನೆಪಾಠದ ವಹಿಯಲ್ಲಿ ಮಾತ್ರ ಸಾಲು ಬಿಟ್ಟು ಓಡಿದ ಅಕ್ಷರಗಳು, ಬಿಟ್ಟುಹೋದ ಒತ್ತುಗಳು. ನಾನು ಎರಡು ಸಲ ಬೈದೆ. ಮೂರನೆಯ ಸಲ ಬೈಯುವ ಮುನ್ನ ಪಾಲಕರನ್ನು ಕಾಣಲೆಂದು ಅವರ ಮನೆಗೆ ಹೋದೆ. ತಗಡಿನ ಎರಡು ಕೋಣೆಯ ಮನೆ. ತಾಯಿ ಬಾಗಿಲಲ್ಲಿ ಬೀಡಿ ಕಟ್ಟುತ್ತಿದ್ದರು. ಹುಡುಗಿ ಒಳಗಿನ ಕೋಣೆಯಲ್ಲಿ ಕುಳಿತು ಬರೆಯುತ್ತಿದ್ದಳು. ನನ್ನ ಕಣ್ಣು ಕತ್ತಲೆಗೆ ಹೊಂದಿಕೊಂಡು ಅವಳ ಮುಖ ಕಾಣಲಿಕ್ಕೆ ಕೆಲವು ಕ್ಷಣ ಬೇಕಾದವು. "ಬಾಗಿಲ್ದಾಗ ಕುಂಡ್ರಬಾರದೇನವ್ವ?" ಎಂದು ಕೇಳಿದೆ. "ಅಲ್ಲಿ ಅವ್ವ ಕುಂಡ್ರತಾಳ್ರೀ ಸರ್" ಎಂದಳು. ಮನೆಯಲ್ಲಿ ಬೆಳಕಿದ್ದ ಜಾಗ ಒಂದೇ. ಅದನ್ನು ದುಡಿಯುವ ತಾಯಿಗೆ ಬಿಟ್ಟುಕೊಟ್ಟಿದ್ದಳು. ನಾನು ಬೈದದ್ದು ಅಕ್ಷರಗಳನ್ನಲ್ಲ, ಕತ್ತಲೆಯನ್ನು ಎಂದು ಅಂದು ತಿಳಿಯಿತು. ಆ ಮನೆಯ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಬೆಳಕಿನಿಂದ ಆರೋಗ್ಯಕ್ಕೂ ಪ್ರಯೋಜನವಿದೆ. ಕ್ಷಯರೋಗದ ಸೂಕ್ಷ್ಮಜೀವಿಯನ್ನು ಕಂಡುಹಿಡಿದ ಜರ್ಮನಿಯ ರಾಬರ್ಟ್ ಕಾಕ್ ಅವರು ಸೂರ್ಯನ ಬೆಳಕಿನಲ್ಲಿ ಆ ಜೀವಿ ಸಾಯುತ್ತದೆಂದು 1890ರಲ್ಲಿಯೇ ತಿಳಿಸಿದರು. ಬೆಳಕಿನಿಂದ ಚರ್ಮದ ಕ್ಷಯಕ್ಕೆ ಚಿಕಿತ್ಸೆ ಮಾಡಿದ ಡೆನ್ಮಾರ್ಕಿನ ನೀಲ್ಸ್ ಫಿನ್ಸೆನ್ ಅವರಿಗೆ 1903ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಹಗಲಿನಲ್ಲಿ ಹೊರಗೆ ಆಡುವ ಮಕ್ಕಳಲ್ಲಿ ದೂರದ ವಸ್ತು ಮಸುಕಾಗಿ ಕಾಣುವ ಸಮೀಪದೃಷ್ಟಿ ದೋಷ ಕಡಿಮೆಯೆಂದು ಇತ್ತೀಚಿನ ಸಂಶೋಧನೆಗಳು ತೋರಿಸಿವೆ. ಒಂದು ಮಾತು ಮಾತ್ರ ನೆನಪಿರಲಿ: ಗಾಜಿನ ಮೂಲಕ ಬಂದ ಬಿಸಿಲಿನಿಂದ ಮೈಯಲ್ಲಿ 'ಡಿ' ಜೀವಸತ್ವ ತಯಾರಾಗುವುದಿಲ್ಲ. ಅದಕ್ಕೆ ಅಂಗಳಕ್ಕೆ ಇಳಿಯಲೇಬೇಕು.

ನಮ್ಮ ಊರಿನ ಸೂರ್ಯ

ಕಿಟಕಿ ಎಲ್ಲಿರಬೇಕೆಂದು ತಿಳಿಯಲು ಸೂರ್ಯ ಎಲ್ಲೆಲ್ಲಿ ಹೋಗುತ್ತಾನೆಂದು ತಿಳಿಯಬೇಕು. ಭೂಗೋಲದ ಪುಸ್ತಕ ಇಲ್ಲಿ ಉಪಯೋಗಕ್ಕೆ ಬರುತ್ತದೆ. ನಮ್ಮ ಊರು ಇರುವುದು ಸುಮಾರು ಹದಿನೇಳೂವರೆ ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಕರ್ಕಾಟಕ ಸಂಕ್ರಾಂತಿ ವೃತ್ತದ ದಕ್ಷಿಣಕ್ಕೆ. ಆದ್ದರಿಂದ ಸೂರ್ಯ ವರ್ಷಕ್ಕೆ ಎರಡು ಸಲ ನಮ್ಮ ನೆತ್ತಿಯ ಮೇಲೆ ಬರುತ್ತಾನೆ: ಮೇ 10-11ರ ಸುಮಾರಿಗೆ ಒಮ್ಮೆ, ಆಗಸ್ಟ್ 2-3ರ ಸುಮಾರಿಗೆ ಮತ್ತೊಮ್ಮೆ. ಆ ದಿನ ನಡುಹಗಲಿನಲ್ಲಿ ನೆಟ್ಟಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ನಮ್ಮಲ್ಲಿ ನಡುಹಗಲೆಂದರೆ ಗಡಿಯಾರದ 12 ಗಂಟೆಯಲ್ಲ. ಭಾರತದ ಸಮಯವನ್ನು ಎಣಿಸುವ ರೇಖಾಂಶಕ್ಕಿಂತ ನಾವು ಪಶ್ಚಿಮಕ್ಕಿರುವುದರಿಂದ, ಋತುವಿಗೆ ತಕ್ಕಂತೆ 12-10ರಿಂದ 12-40ರ ನಡುವೆ ನಮ್ಮ ನಡುಹಗಲು ಆಗುತ್ತದೆ.

ಡಿಸೆಂಬರಿನ ಕೊನೆಯಲ್ಲಿ ಸೂರ್ಯ ದಕ್ಷಿಣಕ್ಕೆ ಬಾಗಿರುತ್ತಾನೆ. ನಡುಹಗಲಿನಲ್ಲಿಯೂ ಅವನ ಎತ್ತರ 49 ಡಿಗ್ರಿಯಷ್ಟೆ. ಹತ್ತಡಿ ಎತ್ತರದ ಮಾಡಿನ ಬೆಳಕಿಂಡಿಯಿಂದ ಬೀಳುವ ನಡುಹಗಲಿನ ಬಿಸಿಲು ಆಗ ಕಿಂಡಿಯ ಕೆಳಗಿನ ಜಾಗಕ್ಕಿಂತ ಸುಮಾರು ಎಂಟೂಮುಕ್ಕಾಲು ಅಡಿ ಉತ್ತರಕ್ಕೆ ಬೀಳುತ್ತದೆ. ಮಾರ್ಚ್ 21ಕ್ಕೆ ಮೂರಡಿಯಷ್ಟು ಉತ್ತರಕ್ಕೆ. ಮೇ ತಿಂಗಳಲ್ಲಿ ನೇರ ಕೆಳಗೆ. ಜೂನ್ 21ಕ್ಕೆ ಒಂದಡಿ ದಕ್ಷಿಣಕ್ಕೆ. ವರ್ಷದಲ್ಲಿ ಹತ್ತಡಿಗೆ ಹತ್ತಿರದ ಪ್ರವಾಸ! ಆಯಿಯ ಗಡಿಯಾರ ಪಂಚಾಂಗವೂ ಆಗಿತ್ತು.

ಇದರಿಂದ ನಾಲ್ಕು ದಿಕ್ಕುಗಳ ಗುಣ ತಿಳಿಯುತ್ತದೆ.

ಉತ್ತರ: ವರ್ಷದ ಬಹುಕಾಲ ಇಲ್ಲಿಂದ ನೇರ ಬಿಸಿಲು ಬರುವುದಿಲ್ಲ, ಆಕಾಶದ ತಂಪು ಬೆಳಕು ಬರುತ್ತದೆ. ಓದಲು, ಬರೆಯಲು, ಹೊಲಿಯಲು ಈ ಕಿಟಕಿಯೇ ಉತ್ತಮ. ಮೇಯಿಂದ ಜುಲೈವರೆಗೆ ಬೆಳಿಗ್ಗೆ ಸಂಜೆ ಮಾತ್ರ ಸ್ವಲ್ಪ ಓರೆ ಬಿಸಿಲು ಬರಬಹುದು.

ದಕ್ಷಿಣ: ಚಳಿಗಾಲದ ಬಿಸಿಲಿನ ದಿಕ್ಕು. ನಾಲ್ಕಡಿ ಎತ್ತರದ ಕಿಟಕಿಯ ಮೇಲೆ ಒಂದೂವರೆ ಅಡಿಯ ಸಜ್ಜಾ ಇದ್ದರೆ, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆಯವರೆಗೆ ನಡುಹಗಲಿನ ಬಿಸಿಲು ಒಳಗೆ ಬರುವುದಿಲ್ಲ. ಡಿಸೆಂಬರಿನಲ್ಲಿ ಬೆಚ್ಚಗೆ ಒಳಗೆ ಬರುತ್ತದೆ. ಸಜ್ಜಾ ಎಂಬುದು ಬರಿಯ ಶೋಭೆಗಾಗಿ ಇರುವುದಲ್ಲವೆಂದು ಇದರಿಂದ ಗೊತ್ತಾಗುತ್ತದೆ.

ಪೂರ್ವ: ಬೆಳಗಿನ ಬಿಸಿಲು ಹಿತಕರ. ಅಡುಗೆಮನೆಗೆ, ಹಿರಿಯರು ಕೂಡುವ ಜಾಗಕ್ಕೆ ಒಳ್ಳೆಯದು.

ಪಶ್ಚಿಮ: ಇಲ್ಲಿ ಜಾಗ್ರತೆ ಬೇಕು. ಮಧ್ಯಾಹ್ನದ ನಂತರ ಸೂರ್ಯ ಕೆಳಗಿಳಿದಂತೆ ಬಿಸಿಲು ಅಡ್ಡಲಾಗಿ ಬರುತ್ತದೆ. ಯಾವ ಸಜ್ಜಾವೂ ಅದನ್ನು ತಡೆಯಲಾರದು. ಈ ಕಡೆ ದೊಡ್ಡ ಗಾಜಿನ ಕಿಟಕಿ ಇಟ್ಟರೆ ಏಪ್ರಿಲ್-ಮೇ ತಿಂಗಳಲ್ಲಿ ಕೋಣೆ ಒಲೆಯಾಗುತ್ತದೆ. ಒಂದು ಬೇವಿನ ಗಿಡ, ಅಥವಾ ಜಾಳಿಗೆಯ ಗೋಡೆ ಇರಲಿ. ವಿಜಯಪುರಕ್ಕೆ ಪ್ರವಾಸ ಹೋದಾಗ ಇಬ್ರಾಹಿಂ ರೋಜಾದ ಕಲ್ಲಿನ ಜಾಳಿಗೆ ಕಿಟಕಿಗಳನ್ನು ನೋಡಿರಿ. ಅಕ್ಷರಗಳನ್ನೇ ಕೊರೆದು ಬೆಳಕನ್ನು ಸೋಸಿದ್ದಾರೆ. ಕೇರಳದಲ್ಲಿ ನೆಲೆಸಿದ್ದ ವಾಸ್ತುಶಿಲ್ಪಿ ಲಾರಿ ಬೇಕರ್ (1917-2007) ಅವರು ಇದೇ ತತ್ವವನ್ನು ಅಗ್ಗದ ಇಟ್ಟಿಗೆಯಲ್ಲಿ ಬಳಸಿದರು. ಇಟ್ಟಿಗೆಗಳ ನಡುವೆ ಕಿಂಡಿ ಬಿಟ್ಟು ಕಟ್ಟಿದ ಗೋಡೆಯಿಂದ ಗಾಳಿ ಬೆಳಕು ಎರಡೂ ಬರುತ್ತವೆ, ಬಿಸಿಲಿನ ಕಾವು ಒಡೆಯುತ್ತದೆ, ಕಿಟಕಿಯ ಚೌಕಟ್ಟಿನ ಖರ್ಚೂ ಉಳಿಯುತ್ತದೆ.

ಚಳಿ ದೇಶದವರು ಮನೆಗೆ ಗೋಡೆಗಟ್ಟಲೆ ಗಾಜು ಹಾಕುತ್ತಾರೆ. ಅವರಿಗೆ ಬಿಸಿಲು ಅಪರೂಪದ ಅತಿಥಿ. ನಮಗೆ ಅದು ದಿನದ ನೆಂಟ. ಬೆಳಕನ್ನು ಒಳಗೆ ಕರೆದು ಕಾವನ್ನು ಹೊರಗೆ ನಿಲ್ಲಿಸುವುದೇ ನಮ್ಮ ಸೀಮೆಯ ಮನೆಯ ಜಾಣತನ.

ಎಷ್ಟು ಬೆಳಕು ಸಾಕು?

ನಮ್ಮ ದೇಶದ ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ನಮ್ಮಂಥ ಒಣ ಬಿಸಿಲಿನ ಪ್ರದೇಶದಲ್ಲಿ ಕೋಣೆಯ ನೆಲದ ಹತ್ತನೆಯ ಒಂದು ಭಾಗದಷ್ಟಾದರೂ ಕಿಟಕಿ ಇರಬೇಕು. ಹತ್ತು ಅಡಿ ಅಗಲ, ಹನ್ನೆರಡು ಅಡಿ ಉದ್ದದ ಕೋಣೆಯೆಂದರೆ 120 ಚದರಡಿ. ಅದಕ್ಕೆ 12 ಚದರಡಿ, ಅಂದರೆ ನಾಲ್ಕಡಿಗೆ ಮೂರಡಿಯ ಒಂದು ಕಿಟಕಿ. ಕಿಟಕಿಯ ಮೇಲಂಚು ನೆಲದಿಂದ ಎಷ್ಟು ಎತ್ತರವೋ ಅದರ ಸುಮಾರು ಎರಡು ಪಟ್ಟು ದೂರದವರೆಗೆ ಬೆಳಕು ಚೆನ್ನಾಗಿ ಹೋಗುತ್ತದೆ. ಆದ್ದರಿಂದ ಕಿಟಕಿ ಅಗಲವಾಗಿರುವುದಕ್ಕಿಂತ ಎತ್ತರದಲ್ಲಿರುವುದು ಹೆಚ್ಚು ಲಾಭ.

ಆದರೆ ಎದುರಿಗೆ ಮೂರಡಿಯಲ್ಲಿ ನೆರೆಯವರ ಗೋಡೆ ಎದ್ದಿದ್ದರೆ ಈ ಲೆಕ್ಕ ನಡೆಯುವುದಿಲ್ಲ. ಅದಕ್ಕೆ ಒಂದು ಸುಲಭವಾದ ಪರೀಕ್ಷೆ ಇದೆ. ನೀವು ಓದಲು ಕೂಡುವ ಜಾಗದಲ್ಲಿ ಕುಳಿತು ಕಿಟಕಿಯ ಕಡೆಗೆ ನೋಡಿರಿ. ಆಕಾಶದ ಒಂದು ತುಣುಕಾದರೂ ಕಾಣುತ್ತದೆಯೇ? ಕಂಡರೆ ಅಲ್ಲಿ ಹಗಲಿನ ಬೆಳಕು ಇದೆ. ಬರಿಯ ಗೋಡೆ ಕಂಡರೆ ನೀವು ಎರವಲು ಬೆಳಕಿನಲ್ಲಿ ಓದುತ್ತಿದ್ದೀರಿ. ಮನೆ ಕಟ್ಟುವವರು ಬೇರೆಲ್ಲ ಮರೆತರೂ ಇದೊಂದನ್ನು ನೆನಪಿಡಲಿ: ಮಗು ಓದುವ ಜಾಗದಿಂದ ಆಕಾಶ ಕಾಣಬೇಕು.

ಇದ್ದ ಮನೆಯನ್ನು ಸುಧಾರಿಸುವುದು

ಎಲ್ಲರಿಗೂ ಹೊಸ ಮನೆ ಕಟ್ಟಲಾಗದು. 'ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು' ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ಇದ್ದ ಮನೆಯಲ್ಲಿಯೇ ಮಾಡಬಹುದಾದ ಕೆಲವು ಕೆಲಸಗಳನ್ನು, ಕಡಿಮೆ ಖರ್ಚಿನಿಂದ ಆರಂಭಿಸಿ, ಇಲ್ಲಿ ಹೇಳುತ್ತೇನೆ.

ಮೊದಲನೆಯದು ಸುಣ್ಣ. ಬಿಳಿಯ ಗೋಡೆ ತನ್ನ ಮೇಲೆ ಬಿದ್ದ ಬೆಳಕಿನ ಬಹುಭಾಗವನ್ನು ಕೋಣೆಗೆ ಹಿಂದಿರುಗಿಸುತ್ತದೆ. ಹೊಗೆ ಹಿಡಿದ ಗೋಡೆ ನುಂಗಿಬಿಡುತ್ತದೆ. ಜಂತಿಗೆ, ಮಾಡಿನ ಒಳಬದಿಗೆ ಕೂಡ ಸುಣ್ಣ ಹಚ್ಚಬೇಕು. ಕಿಟಕಿಯ ಎದುರಿಗಿರುವ ಹೊರಗೋಡೆಗೂ ಹಚ್ಚಿದರೆ ಇನ್ನೂ ಒಳ್ಳೆಯದು. ಆ ಗೋಡೆ ನೆರೆಯವರದಾಗಿದ್ದರೆ ಕೇಳಿಕೊಂಡು ಹಚ್ಚಿರಿ.

ಎರಡನೆಯದು ಅಡ್ಡಿ ತೆಗೆಯುವುದು. ಕಿಟಕಿಗೆ ಒತ್ತಿ ನಿಲ್ಲಿಸಿದ ಕಪಾಟು, ಕಿಟಕಿಯಲ್ಲಿ ಒಟ್ಟಿದ ಡಬ್ಬಿ, ಧೂಳು ಹಿಡಿದ ಗಾಜು, ದಪ್ಪನೆಯ ಪರದೆ. ಇವನ್ನು ತೆಗೆಯಲು ಹಣ ಬೇಕಿಲ್ಲ.

ಮೂರನೆಯದು ತಗಡಿನ ಮನೆಗೆ ಸಂಬಂಧಪಟ್ಟದ್ದು. ಬ್ರೆಜಿಲ್ ದೇಶದ ಆಲ್ಫ್ರೆಡೊ ಮೋಸರ್ ಎಂಬ ಯಂತ್ರಕುಶಲಿ 2002ರ ಸುಮಾರಿಗೆ ಒಂದು ಸರಳ ದೀಪ ಮಾಡಿದರು. ಎರಡು ಲೀಟರಿನ ಪಾರದರ್ಶಕ ಪ್ಲಾಸ್ಟಿಕ್ ಬಾಟಲಿಯಲ್ಲಿ ಸ್ವಚ್ಛ ನೀರು ತುಂಬಿ, ಪಾಚಿ ಕಟ್ಟದಂತೆ ಸ್ವಲ್ಪ ಬ್ಲೀಚಿಂಗ್ ದ್ರವ ಹಾಕಿ, ತಗಡಿನಲ್ಲಿ ಕೊರೆದ ರಂಧ್ರದಲ್ಲಿ ಕೂಡಿಸುವುದು. ಮೇಲ್ಭಾಗ ಬಿಸಿಲಿಗೆ, ಉಳಿದ ಭಾಗ ಕೋಣೆಯೊಳಗೆ. ನೀರಿನಲ್ಲಿ ಬಾಗಿದ ಬೆಳಕು ಕೋಣೆಯ ಎಲ್ಲ ಕಡೆಗೂ ಚೆಲ್ಲುತ್ತದೆ. ಒಳ್ಳೆಯ ಬಿಸಿಲಿದ್ದರೆ ಹಳೆಯ ಕಾಲದ 40-60 ವಾಟಿನ ಬಲ್ಬಿನಷ್ಟು ಬೆಳಕು. 2011ರಿಂದ ಫಿಲಿಪೀನ್ಸ್ ದೇಶದ ಬಡ ಬಡಾವಣೆಗಳಲ್ಲಿ ಇದು ದೊಡ್ಡ ಪ್ರಮಾಣದಲ್ಲಿ ಹಬ್ಬಿತು. ನಾನು ಮೇಲೆ ಹೇಳಿದ ವಿದ್ಯಾರ್ಥಿನಿಯ ಮನೆಗೆ ಮಾಡಿದ್ದು ಇದನ್ನೇ. ಮಾಡಿನ ಕೆಲಸವನ್ನು ಅವಳ ತಂದೆ ಮತ್ತು ಒಬ್ಬ ಗೌಂಡಿ ಮಾಡಿದರು. ರಂಧ್ರದ ಸುತ್ತ ನೀರು ಸೋರದಂತೆ ಲೇಪವನ್ನು ಜಾಗ್ರತೆಯಿಂದ ಹಚ್ಚಬೇಕಾಯಿತು. ಅಕ್ಷರ ಒಂದೇ ದಿನದಲ್ಲಿ ಸುಧಾರಿಸಿತೆಂದು ಹೇಳಲಾರೆ. ಆದರೆ ಮರುವಾರ ವಹಿಯಲ್ಲಿ ಒತ್ತುಗಳು ತಮ್ಮ ತಮ್ಮ ಜಾಗಕ್ಕೆ ಬಂದಿದ್ದವು. ಮಕ್ಕಳು ತಾವಾಗಿ ಮಾಡಿನ ಮೇಲೆ ಹತ್ತಬಾರದೆಂದು ಇಲ್ಲಿಯೇ ಎಚ್ಚರಿಸುತ್ತೇನೆ.

ನಾಲ್ಕನೆಯದು ಎತ್ತರದ ಝಡಪು ಅಥವಾ ವೆಂಟಿಲೇಟರು. ನೆರೆಯವರ ಮಾಡು ನಮ್ಮದಕ್ಕಿಂತ ತಗ್ಗಾಗಿದ್ದರೆ, ಅದಕ್ಕೂ ಮೇಲೆ, ಸ್ಲ್ಯಾಬಿನ ಕೆಳಗೆ ಒಂದು ಉದ್ದನೆಯ ಕಿಂಡಿ ಸಾಧ್ಯ. ಬಿಸಿಗಾಳಿಯೂ ಅದರಿಂದ ಹೊರಗೆ ಹೋಗುತ್ತದೆ. ನೆರೆಯವರ ಒಪ್ಪಿಗೆ ಪಡೆದು ಮಾಡುವುದು ಒಳ್ಳೆಯದು.

ಐದನೆಯದು ಮೆಟ್ಟಿಲಿನ ದಾರಿ. ಸ್ಲ್ಯಾಬಿನ ಮನೆಗಳಲ್ಲಿ ಮೇಲೆ ಹೋಗುವ ಮೆಟ್ಟಿಲಿನ ತಲೆಯ ಮೇಲೆ ಸಣ್ಣ ಕೋಣೆ ಕಟ್ಟುತ್ತಾರೆ. ಅದರ ಉತ್ತರದ ಗೋಡೆಗೆ ಗಾಜು ಹಾಕಿ ಒಳಗೆ ಸುಣ್ಣ ಹಚ್ಚಿದರೆ ಮೆಟ್ಟಿಲೇ ಬೆಳಕಿನ ಬಾವಿಯಾಗುತ್ತದೆ. ನಮ್ಮ ಮನೆಯ ನಡುಮನೆಗೆ ಕೊನೆಗೆ ಬೆಳಕು ತಂದದ್ದು ಹೀಗೆ. ಸ್ಲ್ಯಾಬನ್ನೇ ಕೊರೆಯಬೇಕೆಂದು ನಾನು ಹೊರಟಿದ್ದೆ. ನೋಡಲು ಬಂದ ಇಂಜಿನಿಯರರು, "ಒಳಗಿನ ಸಳಿ ಕತ್ತರಿಸಿದ್ರ ಸ್ಲ್ಯಾಬಿನ ಬಲಾನೇ ಹೋಗ್ತದ್ರೀ ಗುರುಗಳೇ" ಎಂದು ತಡೆದರು. ಹೊಸದಾಗಿ ಕಟ್ಟುವವರು ಮಾತ್ರ ಸ್ಲ್ಯಾಬ್ ಹಾಕುವ ಮೊದಲೇ ನಕ್ಷೆಯಲ್ಲಿ ಎರಡಡಿ ಚೌಕದ ಬೆಳಕಿಂಡಿ ಬಿಡಿಸಿಕೊಳ್ಳಲಿ. ಸುತ್ತ ಒಂಬತ್ತಿಂಚಿನ ಕಟ್ಟೆ, ಮೇಲೆ ದಪ್ಪ ಗಾಜು, ಕೆಳಗೆ ಕಬ್ಬಿಣದ ಸರಳು, ಬದಿಗೆ ಬಿಸಿಗಾಳಿ ಹೋಗಲು ಕಿಂಡಿ. ಇಷ್ಟೇ ಅದರ ಸಾಮಾನು. ಬಹಳ ದೊಡ್ಡದು ಬೇಡ. ಬೆಳಕಿನ ಜೊತೆ ಕಾವೂ ಇಳಿಯುತ್ತದೆ.

ಆರನೆಯದು ಹಳೆಯ ಕಲ್ಲುಗೋಡೆಯಲ್ಲಿ ಕಿಟಕಿ ಒಡೆಯುವುದು. ಇದನ್ನು ಕೊನೆಗೆ ಹೇಳುತ್ತಿರುವುದಕ್ಕೆ ಕಾರಣವಿದೆ. 1993ನ್ನು ಮರೆಯಬಾರದು. ಮಣ್ಣಿನಲ್ಲಿ ಕಟ್ಟಿದ ಗೋಡೆಯಲ್ಲಿ ಮೂಲೆಗೆ ಹತ್ತಿರ, ತೊಲೆಯ ಕೆಳಗೆ ಎಂದೂ ರಂಧ್ರ ಮಾಡಬೇಡಿರಿ. ಮೇಲೆ ಆಧಾರದ ಲಿಂಟಲ್ ಕೂಡಿಸದೆ ಕಲ್ಲು ಕೀಳಬೇಡಿರಿ. ತಿಳಿದವರಿಗೆ ತೋರಿಸಿ, ಅಗತ್ಯವಿದ್ದರೆ ಮೊದಲು ಮಾಳಿಗೆಯ ಮಣ್ಣಿನ ಭಾರ ಇಳಿಸಿ, ಆಮೇಲೆ ಕಿಟಕಿಯ ವಿಚಾರ ಮಾಡಬೇಕು. ಬೆಳಕಿಗಾಗಿ ಜೀವ ಪಣಕ್ಕಿಡುವುದು ಬೇಡ.

ಮುಗಿಸುವ ಮುನ್ನ

ನಮ್ಮ ಅಕ್ಕಲಕೋಟೆ ರಸ್ತೆಯಲ್ಲಿ, ಕುಂಭಾರಿಯ ಬಳಿ, ಬೀಡಿ ಕಟ್ಟುವ ತಾಯಂದಿರಿಗಾಗಿ ಗೋದೂತಾಯಿ ಪರುಳೇಕರ ಅವರ ಹೆಸರಿನಲ್ಲಿ ಸಾವಿರಾರು ಮನೆಗಳ ವಸಾಹತು ಎದ್ದು ನಿಂತಿದೆ. ಅಲ್ಲಿಯೇ ರೇನಗರದಲ್ಲಿ 2024ರ ಜನವರಿ 19ರಂದು ಅಸಂಘಟಿತ ಕಾರ್ಮಿಕರಿಗಾಗಿ 15,000 ಮನೆಗಳ ಉದ್ಘಾಟನೆಯಾಯಿತು. ಸ್ವಂತ ಬಾಗಿಲಿನ ಕೀಲಿ ಕೈಗೆ ಬಂದ ಆ ಕುಟುಂಬಗಳ ಸಂತೋಷ ನಮ್ಮೆಲ್ಲರದು. ಸಣ್ಣ ಮನೆಯಲ್ಲಿ ಒಂದೊಂದು ಕಿಟಕಿಗೂ ಬೆಲೆ ಹೆಚ್ಚು. ಅಂಥ ಮನೆಗೆ ಹೋದವರು ಸಾಮಾನು ಜೋಡಿಸುವ ಮೊದಲು ಒಂದು ದಿನ ಬೆಳಕು ಎಲ್ಲಿ ಬೀಳುತ್ತದೆಂದು ನೋಡಿ, ಆ ಜಾಗವನ್ನು ಓದುವ ಮಗುವಿಗೂ ದುಡಿಯುವ ತಾಯಿಗೂ ಹಂಚಿಕೊಡಲಿ. ಟಿ.ವಿ.ಗೆ ಕತ್ತಲೆ ಮೂಲೆಯೂ ನಡೆಯುತ್ತದೆ.

ವಿದ್ಯಾರ್ಥಿ ಮಿತ್ರರೇ, ಈ ರಜೆಯಲ್ಲಿ ನಿಮಗೊಂದು ಮನೆಪಾಠ. ನಿಮ್ಮ ಮನೆಯ ನಕ್ಷೆಯನ್ನು ಒಂದು ಕಾಗದದ ಮೇಲೆ ತೆಗೆಯಿರಿ. ಉತ್ತರ ದಿಕ್ಕನ್ನು ಗುರುತಿಸಿರಿ. ಬೆಳಿಗ್ಗೆ 8, ಮಧ್ಯಾಹ್ನ 12, ಸಂಜೆ 4 ಗಂಟೆಗೆ ದೀಪ ಆರಿಸಿ, ಪ್ರತಿ ಕೋಣೆಯಲ್ಲಿ ಪಠ್ಯಪುಸ್ತಕ ಹಿಡಿದು ಓದಿ ನೋಡಿರಿ. ಅಕ್ಷರ ಸುಲಭವಾಗಿ ಕಂಡಲ್ಲಿ ಒಂದು ಸೂರ್ಯನ ಚಿತ್ರ, ಕಾಣದಲ್ಲಿ ಒಂದು ಕಪ್ಪು ಚುಕ್ಕೆ ಹಾಕಿರಿ. ಆ ನಕ್ಷೆಯನ್ನು ತಂದೆತಾಯಿಗೆ ತೋರಿಸಿರಿ. ಮುಂದೆ ಮನೆಗೆ ಸುಣ್ಣ ಹಚ್ಚುವಾಗಲೋ, ಹೊಸ ಕೋಣೆ ಕಟ್ಟುವಾಗಲೋ ಗೌಂಡಿಯ ಮುಂದೆ ಆ ಕಾಗದ ಇರಲಿ.

ಪಾಲಕರಲ್ಲಿ ನನ್ನ ವಿನಂತಿ ಇಷ್ಟೆ: ಮಗುವಿನ ಅಕ್ಷರ ಕೆಟ್ಟಿದೆಯೆಂದು, ಓದಿನಲ್ಲಿ ಲಕ್ಷ್ಯವಿಲ್ಲವೆಂದು ಬೈಯುವ ಮೊದಲು ಅದು ಕುಳಿತ ಜಾಗದಲ್ಲಿ ನೀವೊಮ್ಮೆ ಕುಳಿತು ನೋಡಿರಿ. ನಾನು ನೋಡಿದ್ದು ತಡವಾಗಿ.

ನಮ್ಮ ಮನೆಯ ಮೆಟ್ಟಿಲಿನ ಗಾಜಿನಿಂದ ಈಗ ಬೆಳಕು ನಡುಮನೆಗೆ ಇಳಿಯುತ್ತದೆ. ಅವ್ವ ಅಲ್ಲಿಯೇ ಕುಳಿತು ಕಾಳು ಆರಿಸುತ್ತಾಳೆ. ಮೊನ್ನೆ ಟ್ಯೂಬ್‌ಲೈಟಿನ ಗುಂಡಿ ಒತ್ತಲು ಹೋದ ಮೊಮ್ಮಗಳನ್ನು ತಡೆದು ಹೇಳಿದಳು: "ಬ್ಯಾಡವ್ವ, ಇನ್ನೂ ಹೊತ್ತೈತಿ."